ಕರಗಿದ ಡಾಲರು, ಉಳಿದ ಡಾಲರು: ಬೆಳ್ಳಿ ನಾಣ್ಯದ ಬೆಲೆ ಕಟ್ಟುವ ವಿಚಾರ

ಕನ್ನಡದ ಮನೆಗಳಲ್ಲಿ ‘ಡಾಲರ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಅಮೆರಿಕದ ಹಣ. ಇನ್ನೊಂದು, ಕೊರಳ ಸರಕ್ಕೆ ತೂಗುಬಿಡುವ ದುಂಡನೆಯ ಪದಕ. ಎರಡನೆಯ ಅರ್ಥ ಇಂಗ್ಲಿಷಿನಲ್ಲಿಲ್ಲ; ಅದು ನಮ್ಮ ಕಡೆಯ ಬಳಕೆ. ಕಾಸಿನ ಸರದಲ್ಲಿ ಕಾಸು ಒಡವೆಯಾದಂತೆ ಇಲ್ಲಿ ಡಾಲರು ಒಡವೆಯಾಗಿದೆ. ನಾಣ್ಯ, ಲೋಹ, ಒಡವೆ ಈ ಮೂರರ ನಡುವಿನ ಗೆರೆ ನಮ್ಮಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ ಎಂಬುದಕ್ಕೆ ಈ ಪದವೇ ಸಾಕ್ಷಿ. ಹಳೆಯ ಬೆಳ್ಳಿ ನಾಣ್ಯವೊಂದಕ್ಕೆ ಬೆಲೆ ಕಟ್ಟುವ ಕಷ್ಟವೂ ಈ ಮೂರರ ನಡುವೆಯೇ ಇದೆ. ಅದನ್ನು ಲೋಹವೆಂದು ತೂಗಬೇಕೆ, ಹಣವೆಂದು ಎಣಿಸಬೇಕೆ, ಇತಿಹಾಸದ ದಾಖಲೆಯೆಂದು ಓದಬೇಕೆ?

ಅಮೆರಿಕದ ಬೆಳ್ಳಿ ಡಾಲರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೂರದ ದೇಶದ ನಾಣ್ಯಕ್ಕೂ ನಮಗೂ ಏನು ಸಂಬಂಧ ಎಂಬ ಸಂದೇಹ ಸಹಜ. 1918ರಲ್ಲಿ ಇಪ್ಪತ್ತೈದು ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳು ಕರಗಿದ್ದು ಭಾರತದ ರೂಪಾಯಿಗಾಗಿ. ಇಂದು ಅಮೆರಿಕದ ಸಂಗ್ರಾಹಕರು ಯಾವ ಡಾಲರಿಗೆ ಎಷ್ಟು ಕೊಡಬೇಕೆಂದು ತಲೆ ಕೆಡಿಸಿಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ ನಮ್ಮ ಅಜ್ಜಅಜ್ಜಿಯರ ಕಾಲದ ಬೆಳ್ಳಿಯ ಬರ.

ಪದ ನಡೆದು ಬಂದ ದಾರಿ

ಇಂದಿನ ಚೆಕ್ ದೇಶದ ಬೊಹೆಮಿಯಾ ಪ್ರಾಂತದಲ್ಲಿ ಯಾಕಿಮೋವ್ ಎಂಬ ಸಣ್ಣ ಗಣಿ ಊರಿದೆ. ಅದರ ಜರ್ಮನ್ ಹೆಸರು ಯೋಆಖಿಮ್ಸ್‌ಟಾಲ್, ಎಂದರೆ ಸಂತ ಯೋಆಖಿಮನ ಕಣಿವೆ. 16ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬೆಳ್ಳಿಯ ಅದಿರು ಹೇರಳವಾಗಿ ದೊರೆಯಿತು. ಅಲ್ಲಿನ ಒಡೆಯರಾದ ಶ್ಲಿಕ್ ಮನೆತನದವರು 1520ರ ಹೊತ್ತಿಗೆ ಅದರಿಂದ ದೊಡ್ಡ ಗಾತ್ರದ ಬೆಳ್ಳಿ ನಾಣ್ಯವನ್ನು ಟಂಕಿಸತೊಡಗಿದರು. ಜನ ಅದನ್ನು ಊರಿನ ಹೆಸರಿನಿಂದ ‘ಯೋಆಖಿಮ್ಸ್‌ಟಾಲರ್’ ಎಂದರು. ಬಾಯಿಂದ ಬಾಯಿಗೆ ಸವೆದು ಅದು ‘ಟಾಲರ್’ ಆಯಿತು, ಡಚ್ಚರಲ್ಲಿ ‘ಡಾಲ್ಡರ್’ ಆಯಿತು, ಇಂಗ್ಲಿಷಿನಲ್ಲಿ ‘ಡಾಲರ್’ ಆಗಿ ನಿಂತಿತು. ಊರಿನ ಹೆಸರು ನಾಣ್ಯಕ್ಕೆ ಅಂಟುವುದು ನಮಗೆ ಹೊಸತಲ್ಲ. ಶಾಸನಗಳಲ್ಲಿ ಬರುವ ಲೊಕ್ಕಿ ಗದ್ಯಾಣವು ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ ಕಮ್ಮಟವನ್ನು ನೆನಪಿಸುವ ಹೆಸರು.

ಅಮೆರಿಕ ಸ್ವತಂತ್ರವಾದಾಗ ಅಲ್ಲಿ ಹೆಚ್ಚಾಗಿ ಓಡಾಡುತ್ತಿದ್ದುದು ಸ್ಪೇನಿನ ಎಂಟು ರಿಯಾಲಿನ ಬೆಳ್ಳಿ ನಾಣ್ಯ. ಮೆಕ್ಸಿಕೊ ಮತ್ತು ಪೊಟೊಸಿಯ ಬೆಳ್ಳಿಯಿಂದಾದ ಈ ನಾಣ್ಯವನ್ನೇ ಅಲ್ಲಿಯವರು ಡಾಲರ್ ಎನ್ನುತ್ತಿದ್ದರು. 1792ರ ಏಪ್ರಿಲ್ 2ರ ನಾಣ್ಯ ಕಾಯಿದೆ ತಮ್ಮದೇ ಡಾಲರಿಗೆ 371.25 ಗ್ರೇನ್ ಶುದ್ಧ ಬೆಳ್ಳಿ ಇರಬೇಕೆಂದು ವಿಧಿಸಿತು. ಮೊದಲ ಡಾಲರುಗಳು ಹೊರಬಂದದ್ದು 1794ರಲ್ಲಿ, ಎರಡು ಸಾವಿರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ. ಅವುಗಳಲ್ಲಿ ಒಂದು 2013ರ ಜನವರಿಯಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ತನ್ನದೇ ಮುಖಬೆಲೆಯ ಕೋಟಿ ಪಟ್ಟು! ಸ್ಪೇನಿನ ನಾಣ್ಯ ಮಾತ್ರ 1857ರವರೆಗೂ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು.

1837ರಲ್ಲಿ ಮಿಶ್ರಲೋಹದ ಪ್ರಮಾಣ ಬದಲಾಯಿತು: ನೂರಕ್ಕೆ ತೊಂಬತ್ತು ಬೆಳ್ಳಿ, ಹತ್ತು ತಾಮ್ರ, ಒಟ್ಟು ತೂಕ 412.5 ಗ್ರೇನ್, ಇಂದಿನ ಲೆಕ್ಕದಲ್ಲಿ 26.73 ಗ್ರಾಂ. ಆದರೆ ಶುದ್ಧ ಬೆಳ್ಳಿಯ ಭಾಗ ಅದೇ 371.25 ಗ್ರೇನ್ ಉಳಿಯಿತು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ರೂಪಾಯಿಯೊಡನೆ ಅದು ಮತ್ತೆ ಬರುತ್ತದೆ.

ಮಾರ್ಗನ್ ಡಾಲರ್

ಸಂಗ್ರಾಹಕರು ಇಂದು ಹೆಚ್ಚು ಅರಸುವುದು ಮಾರ್ಗನ್ ಡಾಲರನ್ನು. 1873ರ ಕಾಯಿದೆ ಬೆಳ್ಳಿ ಡಾಲರಿನ ಟಂಕನವನ್ನು ನಿಲ್ಲಿಸಿತ್ತು. ಪಶ್ಚಿಮದ ಗಣಿ ಮಾಲೀಕರೂ ಸಾಲದಲ್ಲಿ ಮುಳುಗಿದ್ದ ರೈತರೂ ಅದನ್ನು ‘ಎಪ್ಪತ್ಮೂರರ ಅಪರಾಧ’ವೆಂದೇ ಕರೆದರು. ಅವರ ಒತ್ತಾಯದ ಫಲವಾಗಿ 1878ರ ಫೆಬ್ರವರಿಯಲ್ಲಿ ಬ್ಲಾಂಡ್-ಆಲಿಸನ್ ಕಾಯಿದೆ ಬಂತು. ಸರ್ಕಾರ ಪ್ರತಿ ತಿಂಗಳೂ 20 ಲಕ್ಷದಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿಯನ್ನು ಕೊಂಡು ನಾಣ್ಯವಾಗಿ ಹೊರತರಬೇಕಾಯಿತು. ಇಂಗ್ಲೆಂಡಿನಿಂದ ಬಂದಿದ್ದ ಕೆತ್ತನೆಗಾರ ಜಾರ್ಜ್ ಟಿ. ಮಾರ್ಗನ್ ಇದರ ಅಚ್ಚನ್ನು ರೂಪಿಸಿದ. ಮುಮ್ಮುಖದ ಸ್ವಾತಂತ್ರ್ಯದೇವಿಗೆ ರೂಪದರ್ಶಿಯಾದವಳು ಫಿಲಡೆಲ್ಫಿಯಾದ ಆನಾ ವಿಲ್ಲೆಸ್ ವಿಲಿಯಮ್ಸ್ ಎಂಬ ಶಿಕ್ಷಕಿ. 1878ರಿಂದ 1904ರವರೆಗೆ, ಅನಂತರ 1921ರಲ್ಲಿ ಒಂದು ವರ್ಷ, ಈ ನಾಣ್ಯ ಹೊರಬಂತು. ಹಿಮ್ಮುಖದಲ್ಲಿ ಹದ್ದಿನ ಕೆಳಗಿನ ಸಣ್ಣ ಅಕ್ಷರ ಕಮ್ಮಟವನ್ನು ಸೂಚಿಸುತ್ತದೆ: ‘ಓ’ ಎಂದರೆ ನ್ಯೂ ಆರ್ಲಿಯನ್ಸ್, ‘ಎಸ್’ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ, ‘ಸಿಸಿ’ ಎಂದರೆ ಕಾರ್ಸನ್ ಸಿಟಿ, 1921ರಲ್ಲಿ ಮಾತ್ರ ಕಾಣುವ ‘ಡಿ’ ಎಂದರೆ ಡೆನ್ವರ್. ಅಕ್ಷರವಿಲ್ಲದಿದ್ದರೆ ಅದು ಫಿಲಡೆಲ್ಫಿಯಾದ್ದು.

ಈ ನಾಣ್ಯಗಳು ಹುಟ್ಟಿದ್ದು ಜನರಿಗೆ ಬೇಕಾಗಿ ಅಲ್ಲ, ಬೆಳ್ಳಿಗೆ ಬೆಲೆ ಬೇಕಾಗಿ. ಪೂರ್ವದ ನಗರಗಳಲ್ಲಿ ಯಾರೂ ಈ ಭಾರದ ನಾಣ್ಯವನ್ನು ಕಿಸೆಯಲ್ಲಿ ಹೊರಲು ಬಯಸಲಿಲ್ಲ. ಸಾವಿರ ಸಾವಿರದ ಚೀಲಗಳಲ್ಲಿ ಕಟ್ಟಿ ಅವುಗಳನ್ನು ಖಜಾನೆಯ ನೆಲಮಾಳಿಗೆಗಳಲ್ಲಿ ಪೇರಿಸಿದರು. ಅವುಗಳ ಬದಲಿಗೆ ಬೆಳ್ಳಿ ಪತ್ರವೆಂಬ ಕಾಗದದ ಹಣ ಓಡಾಡಿತು. ಕೋಟಿಗಟ್ಟಲೆ ನಾಣ್ಯಗಳು ಒಂದು ದಿನವೂ ಯಾರ ಕೈಯನ್ನೂ ಮುಟ್ಟದೆ ಕತ್ತಲಲ್ಲಿ ಕುಳಿತವು.

ಈ ಬೆಳ್ಳಿಯ ರಾಜಕೀಯಕ್ಕೆ ಭಾರತದ ಎಳೆ 1893ರಲ್ಲಿಯೇ ಕಾಣುತ್ತದೆ. ಆ ವರ್ಷ ಜೂನ್ 26ರಂದು ಭಾರತ ಸರ್ಕಾರ ತನ್ನ ಕಮ್ಮಟಗಳ ಬಾಗಿಲನ್ನು ಖಾಸಗಿ ಬೆಳ್ಳಿಗೆ ಮುಚ್ಚಿತು. ಅದುವರೆಗೆ ಯಾರು ಬೇಕಾದರೂ ಬೆಳ್ಳಿಯನ್ನು ತಂದು ಕೊಟ್ಟು ರೂಪಾಯಿ ಪಡೆಯಬಹುದಿತ್ತು. ಜಗತ್ತಿನ ಅತಿ ದೊಡ್ಡ ಬೆಳ್ಳಿ ಗಿರಾಕಿ ಹಿಂದೆ ಸರಿದ ಕೂಡಲೇ ಬೆಳ್ಳಿಯ ಧಾರಣೆ ಕುಸಿಯಿತು. ಆಗಲೇ ಆರ್ಥಿಕ ಸಂಕಟದಲ್ಲಿದ್ದ ಅಮೆರಿಕ ಅದೇ ವರ್ಷ ನವೆಂಬರಿನಲ್ಲಿ ತನ್ನ ಬೆಳ್ಳಿ ಖರೀದಿಯ ಷರ್ಮನ್ ಕಾಯಿದೆಯನ್ನು ರದ್ದುಪಡಿಸಿತು.

ಇದರ ಇನ್ನೊಂದು ಪರಿಣಾಮ ಕುತೂಹಲಕರ. ಪೂರ್ವ ಏಷ್ಯಾದ ವ್ಯಾಪಾರಕ್ಕೆ ಡಾಲರಿನ ಬೇಡಿಕೆ ಇದ್ದೇ ಇತ್ತು. ಬಿಡುವಾಗಿದ್ದ ಮುಂಬಯಿ ಮತ್ತು ಕಲ್ಕತ್ತೆಯ ಕಮ್ಮಟಗಳಲ್ಲಿ 1895ರಿಂದ ಹಾಂಗ್‌ಕಾಂಗ್ ಹಾಗೂ ಮಲಯ ಜಲಸಂಧಿಯ ವಸಾಹತುಗಳಿಗಾಗಿ ಬ್ರಿಟಿಷ್ ವಾಣಿಜ್ಯ ಡಾಲರನ್ನು ಟಂಕಿಸಲಾಯಿತು. ಒಂದು ಮುಖದಲ್ಲಿ ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ. ಇನ್ನೊಂದರಲ್ಲಿ ಚೀನಿ ಮತ್ತು ಮಲಯ ಭಾಷೆಗಳ ಬರಹ. ಆ ತ್ರಿಶೂಲದ ನಡು ಅಲಗಿನಲ್ಲಿ ಅಡಗಿರುವ ಸಣ್ಣ ‘ಬಿ’ ಅಕ್ಷರ ಮುಂಬಯಿಯ ಗುರುತು. ಭಾರತದ ನೆಲದಲ್ಲಿ ಡಾಲರು ಹುಟ್ಟಿದ್ದೂ ಉಂಟು.

1918: ಡಾಲರು ರೂಪಾಯಿಯಾದದ್ದು

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಧಾನ್ಯ, ಸೆಣಬು, ಚರ್ಮ ಮೊದಲಾದ ಸರಕುಗಳನ್ನು ಅಪಾರವಾಗಿ ಕೊಂಡಿತು. ಸೈನಿಕರಿಗೆ ಸಂಬಳ ಕೊಡಬೇಕಾಯಿತು. ಎಲ್ಲಕ್ಕೂ ರೂಪಾಯಿ ಬೇಕು, ರೂಪಾಯಿಗೆ ಬೆಳ್ಳಿ ಬೇಕು. ಆಗ ನೋಟನ್ನು ಖಜಾನೆಗೆ ಕೊಟ್ಟರೆ ಅಷ್ಟೇ ಬೆಳ್ಳಿ ರೂಪಾಯಿ ಕೊಡುವ ವಾಗ್ದಾನವಿತ್ತು. ಯುದ್ಧದ ಸುದ್ದಿ ಕೆಟ್ಟಂತೆಲ್ಲ ಜನ ನೋಟು ಹಿಡಿದು ಬೆಳ್ಳಿ ಕೇಳಲು ಬಂದರು. ಹೀಗೆ ಹೋದ ರೂಪಾಯಿ ಮರಳಿ ಬರಲಿಲ್ಲ. ಕುಡಿಕೆಗಳಿಗೆ, ಕಡಗಗಳಿಗೆ, ಕಾಲ್ದೊಡಿಗೆಗಳಿಗೆ ಹೋಯಿತು. ಜೊತೆಗೆ ಬೆಳ್ಳಿಯ ಧಾರಣೆಯೂ ಏರಿತು. ರೂಪಾಯಿಯ ವಿನಿಮಯ ದರ 16 ಪೆನ್ಸ್ ಇದ್ದಾಗ, ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ 43 ಪೆನ್ಸ್ ಮೀರಿದರೆ ರೂಪಾಯಿಯೊಳಗಿನ ಲೋಹವೇ ರೂಪಾಯಿಗಿಂತ ಬೆಲೆಬಾಳುತ್ತಿತ್ತು. ಕರಗಿಸುವುದು ಲಾಭದ ಕೆಲಸವಾಯಿತು. 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು, 1918ರ ಜನವರಿಯಲ್ಲಿ ಎರಡೂವರೆ ರೂಪಾಯಿಯ ನೋಟು ಹೊರಬಂದದ್ದು ಈ ಇಕ್ಕಟ್ಟಿನಿಂದ. 1918ರ ಬೇಸಿಗೆಯ ಹೊತ್ತಿಗೆ ಭಾರತ ಸರ್ಕಾರದ ಬೆಳ್ಳಿಯ ದಾಸ್ತಾನು ತಳ ಕಾಣುತ್ತಿತ್ತು. ವಾಗ್ದಾನ ಮುರಿದರೆ ಯುದ್ಧಕಾಲದಲ್ಲಿ ವಸಾಹತು ಆಡಳಿತದ ಮೇಲಿನ ನಂಬಿಕೆಯೇ ಮುರಿಯುತ್ತಿತ್ತು.

ಬ್ರಿಟನ್ ಅಮೆರಿಕದ ಮುಂದೆ ಕೈ ಚಾಚಿತು. ನೆವಾಡ ರಾಜ್ಯದ ಸೆನೆಟರ್ ಕೀ ಪಿಟ್‌ಮನ್ ಮಂಡಿಸಿದ ಕಾಯಿದೆ 1918ರ ಏಪ್ರಿಲ್ 23ರಂದು ಜಾರಿಗೆ ಬಂತು. 35 ಕೋಟಿಯವರೆಗೆ ಬೆಳ್ಳಿ ಡಾಲರುಗಳನ್ನು ಕರಗಿಸಿ ಮಾರಲು ಅದು ಅನುಮತಿಯಿತ್ತಿತು. ವಾಸ್ತವವಾಗಿ ಕರಗಿದ್ದು 27,02,32,722 ನಾಣ್ಯಗಳು. ಇವುಗಳಲ್ಲಿ 25,91,21,554 ನಾಣ್ಯಗಳ ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತಕ್ಕೆ ಹೋಯಿತು. ಉಳಿದ 1,11,11,168 ನಾಣ್ಯಗಳ ಬೆಳ್ಳಿ ಅಮೆರಿಕದ ಚಿಲ್ಲರೆಗೆ ಹೋಯಿತು. ಅದುವರೆಗೆ ಟಂಕಿಸಿದ್ದ ಮಾರ್ಗನ್ ಡಾಲರುಗಳಲ್ಲಿ ಸರಿಸುಮಾರು ಅರ್ಧದಷ್ಟು ಇಲ್ಲವಾಯಿತು.

ಈಗ ಹಿಂದೆ ಹೇಳಿದ ಸಂಖ್ಯೆಗೆ ಬರೋಣ. ಆಗಿನ ರೂಪಾಯಿಯ ತೂಕ 180 ಗ್ರೇನ್. ಅದರಲ್ಲಿ ಹನ್ನೆರಡನೆಯ ಹನ್ನೊಂದು ಭಾಗ, ಎಂದರೆ 165 ಗ್ರೇನ್ ಶುದ್ಧ ಬೆಳ್ಳಿ. 371.25ನ್ನು 165ರಿಂದ ಭಾಗಿಸಿದರೆ ಬರುವುದು ನೇರವಾಗಿ ಎರಡೂಕಾಲು. ಒಂದು ಡಾಲರಿನ ಬೆಳ್ಳಿಯಿಂದ ಎರಡು ರೂಪಾಯಿ ನಾಲ್ಕಾಣೆ. ಸವಕಲನ್ನು ಬದಿಗಿಟ್ಟರೆ, ಬಂದ ಡಾಲರುಗಳ ಬೆಳ್ಳಿ ಸುಮಾರು 58 ಕೋಟಿ ರೂಪಾಯಿಗಳಿಗೆ ಸಾಕಾಗುವಷ್ಟು. 1918ರಿಂದ 1920ರವರೆಗಿನ ಐದನೆಯ ಜಾರ್ಜನ ರೂಪಾಯಿಗಳು ಇಂದಿಗೂ ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ, ಲಕ್ಷ್ಮೀಪೂಜೆಯ ತಟ್ಟೆಗಳಲ್ಲಿ ಧಾರಾಳವಾಗಿ ಕಾಣಸಿಗುವುದಕ್ಕೆ ಈ ಪೂರೈಕೆಯೂ ಒಂದು ಕಾರಣ. ನಿರ್ದಿಷ್ಟ ರೂಪಾಯಿಯೊಂದನ್ನು ಹಿಡಿದು ಇದು ಡಾಲರಿನ ಬೆಳ್ಳಿಯೆಂದು ಹೇಳಲಾಗದು. ಕರಗಿದ ಲೋಹಕ್ಕೆ ಪೂರ್ವಜನ್ಮದ ನೆನಪಿಲ್ಲ. ಆದರೆ ಆ ಇಸವಿಗಳ ರೂಪಾಯಿಗಳಲ್ಲಿ ಆ ಬೆಳ್ಳಿ ಇದೆ ಎಂಬುದು ನಿಶ್ಚಿತ.

ಪಿಟ್‌ಮನ್ ಬರಿಯ ಪರೋಪಕಾರಿಯಾಗಿರಲಿಲ್ಲ. ಕರಗಿಸಿದಷ್ಟೇ ಬೆಳ್ಳಿಯನ್ನು ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರಿನಂತೆ ಮರಳಿ ಕೊಳ್ಳಬೇಕೆಂಬ ನಿಯಮವನ್ನು ಅವನು ಸೇರಿಸಿದ್ದ. 1921ರಲ್ಲಿ ಮಾರ್ಗನ್ ಡಾಲರು ಮತ್ತೆ ಅಚ್ಚಾದದ್ದು, ಆ ವರ್ಷದ ಕೊನೆಯಲ್ಲಿ ಆಂತೊನಿ ದೆ ಫ್ರಾಂಚಿಷಿ ರೂಪಿಸಿದ ಶಾಂತಿ ಡಾಲರು ಹುಟ್ಟಿದ್ದು ಈ ನಿಯಮದಿಂದ. ಎರಡನೆಯ ಮಹಾಯುದ್ಧದಲ್ಲಿ ಇದೇ ಕಥೆ ಸಾಲದ ರೂಪದಲ್ಲಿ ಮರುಕಳಿಸಿತು. ಆಗ ಅಮೆರಿಕ ಕೊಟ್ಟ ಬೆಳ್ಳಿಯನ್ನು ಸ್ವತಂತ್ರ ಭಾರತ, ಚಲಾವಣೆಯಿಂದ ಹಿಂತೆಗೆದ ಬೆಳ್ಳಿ ನಾಣ್ಯಗಳನ್ನು ಕರಗಿಸಿ ಶುದ್ಧೀಕರಿಸಿ, 1957ರ ಹೊತ್ತಿಗೆ ಹಿಂದಿರುಗಿಸಿತು. 1918ರಲ್ಲಿ ಬಂದ ಬೆಳ್ಳಿಯ ಒಂದಂಶ ಹೀಗೆ ಹುಟ್ಟಿದ ಕಡೆಗೇ ಮರಳಿರಬಹುದು.

ಬರೆದದ್ದೆಷ್ಟು, ಉಳಿದದ್ದೆಷ್ಟು

ಸಂಗ್ರಾಹಕನ ತೊಡಕು ಇಲ್ಲಿಂದ ಆರಂಭವಾಗುತ್ತದೆ. ಕರಗಿಸಿದವರು ನಾಣ್ಯಗಳನ್ನು ಎಣಿಸಿದರು. ಅವು ಯಾವ ಇಸವಿಯವು, ಯಾವ ಕಮ್ಮಟದವು ಎಂದು ಬರೆದಿಡಲಿಲ್ಲ. ಹಾಗಾಗಿ ಕಮ್ಮಟದ ಕಡತದಲ್ಲಿರುವ ಟಂಕನ ಸಂಖ್ಯೆ ಬೆಲೆಗೆ ಆಧಾರವಾಗಿ ಉಳಿಯಲಿಲ್ಲ.

1903ರ ನ್ಯೂ ಆರ್ಲಿಯನ್ಸ್ ಡಾಲರನ್ನು ನೋಡಬಹುದು. ಕಡತದ ಪ್ರಕಾರ ಟಂಕಿಸಿದ್ದು 44,50,000. ಆದರೂ ದಶಕಗಳ ಕಾಲ ಅದರ ಹೊಸದಾದ ಪ್ರತಿ ಯಾರಿಗೂ ಸಿಗಲಿಲ್ಲ. ಬಹುಪಾಲು 1918ರಲ್ಲಿ ಕರಗಿತೆಂದು ಎಲ್ಲರೂ ನಂಬಿದರು. ಬೆಲೆ 1,500 ಡಾಲರಿನ ಆಸುಪಾಸಿಗೆ ಏರಿತು. 1962ರ ಕೊನೆಯಲ್ಲಿ ಹಬ್ಬದ ದಿನಗಳ ಬೇಡಿಕೆಗಾಗಿ ಫಿಲಡೆಲ್ಫಿಯಾದ ಹಳೆಯ ನೆಲಮಾಳಿಗೆಯನ್ನು ತೆರೆದಾಗ ಅವು ಚೀಲಚೀಲವಾಗಿ ಹೊರಬಂದವು. ಕೆಲವೇ ತಿಂಗಳಲ್ಲಿ ಬೆಲೆ ಹತ್ತಾರು ಡಾಲರಿಗೆ ಇಳಿಯಿತು. ಜನ ಬೆಳ್ಳಿ ಪತ್ರಗಳನ್ನು ಹಿಡಿದು ಖಜಾನೆಗೆ ಮುಗಿಬಿದ್ದರು; 1964ರ ಮಾರ್ಚಿನಲ್ಲಿ ಸರ್ಕಾರ ಡಾಲರು ಕೊಡುವುದನ್ನು ನಿಲ್ಲಿಸಿತು. ಆಗ ಉಳಿದಿದ್ದ ಸುಮಾರು 30 ಲಕ್ಷ ನಾಣ್ಯಗಳಲ್ಲಿ ಹೆಚ್ಚಿನವು ಕಾರ್ಸನ್ ಸಿಟಿಯವು. ಅವುಗಳನ್ನು 1972ರಿಂದ 1980ರವರೆಗೆ ಹಂತಹಂತವಾಗಿ ಸಾರ್ವಜನಿಕರಿಗೆ ಮಾರಲಾಯಿತು.

ಆ ಮಾರಾಟ ಇನ್ನೊಂದು ಪಾಠವನ್ನು ಕಲಿಸಿತು. 1884ರ ಕಾರ್ಸನ್ ಸಿಟಿ ಡಾಲರು ಟಂಕಿಸಲ್ಪಟ್ಟದ್ದು 11,36,000. ಖಜಾನೆಯಲ್ಲಿ ಸಿಕ್ಕಿದ್ದು 9,60,000ಕ್ಕೂ ಹೆಚ್ಚು. ಅದೇ ಕಮ್ಮಟದ 1889ರ ಡಾಲರು ಟಂಕಿಸಲ್ಪಟ್ಟದ್ದು 3,50,000. ಆ ರಾಶಿಯಲ್ಲಿ ಇದ್ದದ್ದು ಒಂದೇ ಒಂದು. ಕಡತವನ್ನು ನಂಬಿದವನಿಗೆ ಎರಡರ ಅಂತರ ಮೂರು ಪಟ್ಟು. ಉಳಿವನ್ನು ನೋಡಿದವನಿಗೆ ಎರಡೂ ಬೇರೆ ಬೇರೆ ಲೋಕದವು. 1895ರ ಫಿಲಡೆಲ್ಫಿಯಾ ಡಾಲರಿನದು ಇನ್ನೂ ವಿಚಿತ್ರ. ಚಲಾವಣೆಗಾಗಿ 12,000 ಟಂಕಿಸಿದರೆಂದು ಕಡತ ಹೇಳುತ್ತದೆ; ಇಂದು ಸಿಗುವುದು ಸಂಗ್ರಾಹಕರಿಗಾಗಿ ವಿಶೇಷವಾಗಿ ಮಾಡಿದ 880ರ ಪೈಕಿಯವು ಮಾತ್ರ. ಆ 12,000 ಕರಗಿದವೋ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಹುಟ್ಟಿದವೋ ಎಂಬ ಚರ್ಚೆ ನಡೆದಿದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಮಸ್ಯೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. 10ನೆಯ ಶತಮಾನದಲ್ಲಿ ಸಾವಿರ ಪ್ರತಿ! ಆದರೆ ಆ ಸಾವಿರದಲ್ಲಿ ಒಂದೆಂದು ಬೆರಳಿಟ್ಟು ತೋರಿಸಬಹುದಾದ ಓಲೆಕಟ್ಟು ಇಂದು ನಮ್ಮ ಕೈಯಲ್ಲಿಲ್ಲ. ಕೃತಿ ಉಳಿದದ್ದು ಪ್ರತಿಯ ಪ್ರತಿಯ ಪ್ರತಿಯಾಗಿ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಲ್ಲವೇ ಇಲ್ಲ. ಇನ್ನೊಂದೆಡೆ, ಧವಳಾ ಟೀಕೆಯ ಓಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಹೊರಗಿನ ಕಣ್ಣಿಗೆ ಬೀಳದೆ ಉಳಿದು, 20ನೆಯ ಶತಮಾನದಲ್ಲಿ ಅಚ್ಚಿಗೆ ಬಂದು ಜೈನ ವಿದ್ವತ್ತಿನ ದಿಕ್ಕನ್ನೇ ಬದಲಿಸಿದವು. ಎಷ್ಟು ಹುಟ್ಟಿತೆಂಬುದು ಒಂದು ಲೆಕ್ಕ, ಎಷ್ಟು ಉಳಿಯಿತೆಂಬುದು ಇನ್ನೊಂದು. ಉಳಿವಿಗೆ ಕಾರಣ ಅನೇಕ ಸಲ ಗುಣವೂ ಅಲ್ಲ, ಜನಪ್ರಿಯತೆಯೂ ಅಲ್ಲ. ಮುಟ್ಟದೆ ಬಿಟ್ಟ ಕೋಣೆ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ್ದು ಕಮ್ಮಟದ ಊರಾದ ಲಕ್ಕುಂಡಿಯಲ್ಲಿಯೇ ಎಂಬುದನ್ನೂ ಇಲ್ಲಿ ನೆನೆಯಬಹುದು. ಬಸದಿ ನಿಂತಿದೆ; ಅಲ್ಲಿಯ ಕಮ್ಮಟ ಶಾಸನದ ಮಾತಿನಲ್ಲಿ ಮಾತ್ರ ಉಳಿದಿದೆ.

ಇಸವಿಯೂ ಸುಳ್ಳು ಹೇಳೀತು

ಸಂಖ್ಯೆಯಂತೆ ಕಾಲವೂ ಮೋಸ ಮಾಡಬಲ್ಲದು. 1804ನೆಯ ಇಸವಿಯ ಡಾಲರು ಇದಕ್ಕೆ ಪ್ರಸಿದ್ಧ ಉದಾಹರಣೆ. ಕಮ್ಮಟದ ಕಡತದಲ್ಲಿ ಆ ವರ್ಷ 19,570 ಡಾಲರು ಟಂಕಿಸಿದ ಲೆಕ್ಕವಿದೆ. ಆದರೆ ಅವುಗಳ ಮೇಲಿದ್ದುದು ಹಿಂದಿನ ಇಸವಿ. ಹಳೆಯ ಅಚ್ಚು ಸವೆಯುವ ತನಕ ಬಳಸುವುದು ಅಂದಿನ ವಾಡಿಕೆ. 1834ರಲ್ಲಿ ಎಡ್ಮಂಡ್ ರಾಬರ್ಟ್ಸ್ ಎಂಬ ರಾಯಭಾರಿಯ ಮೂಲಕ ಏಷ್ಯಾದ ಅರಸರಿಗೆ ಅಮೆರಿಕದ ಎಲ್ಲ ನಾಣ್ಯಗಳ ಒಂದೊಂದು ಮಾದರಿಯನ್ನು ಉಡುಗೊರೆಯಾಗಿ ಕಳಿಸಬೇಕಾಯಿತು. ಡಾಲರು ಕೊನೆಗೆ ಟಂಕಿಸಿದ್ದು 1804ರಲ್ಲಿ ಎಂದು ಕಡತ ಹೇಳಿದ್ದರಿಂದ ಆ ಇಸವಿಯ ಅಚ್ಚನ್ನು ಹೊಸದಾಗಿ ಕೆತ್ತಿದರು. ಹೀಗೆ ಸಯಾಮಿನ ಅರಸನಿಗೂ ಮಸ್ಕತ್ತಿನ ಸುಲ್ತಾನನಿಗೂ ಸಂದ ‘1804ರ ಡಾಲರು’ ಹುಟ್ಟಿದ್ದು ಮೂವತ್ತು ವರ್ಷಗಳ ಅನಂತರ. ಮುಂದೆ ಕಮ್ಮಟದ ಕೆಲವರು ಸಂಗ್ರಾಹಕರಿಗಾಗಿ ಗುಟ್ಟಾಗಿ ಇನ್ನೂ ಕೆಲವನ್ನು ಮಾಡಿದರು. ಇಂದು ಕೆಲವೇ ಪ್ರತಿಗಳು ಉಳಿದಿವೆ. ಸುಲ್ತಾನನ ಉಡುಗೊರೆಯೊಡನೆ ಗುರುತಿಸಲಾಗಿರುವ ಪ್ರತಿ 1999ರಲ್ಲಿ 41 ಲಕ್ಷ ಡಾಲರಿಗೆ, 2021ರಲ್ಲಿ 76 ಲಕ್ಷ ಡಾಲರಿಗೆ ಮಾರಾಟವಾಯಿತು. ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ 1962ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಬಿಡಿಸಿಟ್ಟರು. ಅದೇ ವರ್ಷ ಸಯಾಮಿನ ಅರಸನ ಪೆಟ್ಟಿಗೆಯೂ ಬೆಳಕಿಗೆ ಬಂದು ಅವರ ಊಹೆಗೆ ಪುಷ್ಟಿ ದೊರೆಯಿತು.

ಶಾಸನದ ಕಾಲನಿರ್ಣಯದಲ್ಲಿ ಬರೆದ ತಿಥಿಯ ಜೊತೆಗೆ ಲಿಪಿಯನ್ನೂ ಪರೀಕ್ಷಿಸಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಹಿಂದಿನ ಕಾಲದ ತಿಥಿ ಹಾಕಿ ಆಮೇಲೆ ಮಾಡಿದ ಕೂಟಶಾಸನಗಳನ್ನು ಲಿಪಿಯೇ ಹಿಡಿದುಕೊಡುತ್ತದೆ. 1804ರ ಡಾಲರನ್ನು ಹಿಡಿದುಕೊಟ್ಟದ್ದೂ ಹಾಗೆಯೇ, ಅದರ ಅಂಚಿನ ಕುಸುರಿ ಮತ್ತು ಅಚ್ಚಿನ ತಂತ್ರ. ಅವು 1830ರ ದಶಕದವು.

ನೋಟಗಾರನ ಕಣ್ಣು

ನಾಣ್ಯದ ಬೆಲೆ ಕಟ್ಟುವ ವಿದ್ಯೆಗೆ ನಮ್ಮಲ್ಲಿ ಹಳೆಯ ಪರಂಪರೆಯಿದೆ. ಖಿಲ್ಜಿ ಸುಲ್ತಾನರ ದೆಹಲಿಯಲ್ಲಿ ಖಜಾನೆ ಮತ್ತು ಟಂಕಸಾಲೆಗಳಲ್ಲಿ ಸೇವೆ ಮಾಡಿದ ಠಕ್ಕುರ ಫೇರು ಎಂಬ ಜೈನ ಶ್ರಾವಕ 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ಅಪಭ್ರಂಶದ ಛಾಯೆಯುಳ್ಳ ಪ್ರಾಕೃತದಲ್ಲಿ ರಚಿಸಿದ. ಸುಮಾರು ನೂರೈವತ್ತು ಗಾಹೆಗಳ ಈ ಕೃತಿಯಲ್ಲಿ ಮೊದಲು ಚಿನ್ನಬೆಳ್ಳಿಗಳ ಶೋಧನ ವಿಧಾನ. ಅನಂತರ ಬೇರೆ ಬೇರೆ ರಾಜ್ಯಗಳ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳ ಹೆಸರು, ತೂಕ, ಲೋಹಾಂಶ, ದೆಹಲಿಯ ಹಣದಲ್ಲಿ ಅವುಗಳ ಬೆಲೆ. ಗೆದ್ದ ರಾಜ್ಯಗಳಿಂದ ಖಜಾನೆಗೆ ಬಂದ ನಾಣ್ಯರಾಶಿಯನ್ನು ಕಣ್ಣಾರೆ ಕಂಡವನ ಬರಹ ಅದು. ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರ ಶೋಧದಿಂದ ಇದರ ಹಸ್ತಪ್ರತಿ ಬೆಳಕು ಕಂಡಿತು. ಫೇರುವಿಗೂ ಆ ನಾಣ್ಯಗಳು ಕೊನೆಗೆ ಕರಗಬೇಕಾದ ಲೋಹವೇ. ಆದರೂ ಕರಗಿಸುವ ಮೊದಲು ಹೆಸರು, ತೂಕ, ಲೋಹಾಂಶಗಳನ್ನು ಬರೆದಿಟ್ಟ. ಸರಿಯಾಗಿ ಆರುನೂರು ವರ್ಷಗಳ ಬಳಿಕ 1918ರಲ್ಲಿ ಡಾಲರುಗಳನ್ನು ಕರಗಿಸಿದವರು ಮಾಡದ ಕೆಲಸ ಇದು. ಫೇರು ಬರೆದಿಟ್ಟದ್ದರಿಂದಲೇ ಇಂದು ಉತ್ತರ ಭಾರತದ ಮಧ್ಯಯುಗದ ಎಷ್ಟೋ ನಾಣ್ಯಗಳಿಗೆ ಅವುಗಳ ಕಾಲದ ಹೆಸರನ್ನು ಮರಳಿ ಕೊಡಲು ಸಾಧ್ಯವಾಗಿದೆ.

ಕನ್ನಡದಲ್ಲಿ ನಾಣ್ಯ ನೋಡುವವನಿಗೆ ಚಿನಿವಾರ ಎಂದು ಹೆಸರು. ಪತ್ರಿಕೆಗಳ ‘ಚಿನಿವಾರ ಪೇಟೆ’ಯಲ್ಲಿ ಆ ಪದ ಇಂದಿಗೂ ಉಸಿರಾಡುತ್ತಿದೆ. ಚೀನದ ಬಂದರುಗಳಲ್ಲಿ ಡಾಲರನ್ನು ಪರೀಕ್ಷಿಸಿದ ಸರಾಫರು ತಮ್ಮ ಮುದ್ರೆಯನ್ನು ಅದರ ಮೇಲೆ ಒತ್ತುತ್ತಿದ್ದರು. ಹಿಂದೆ ಇದು ನಾಣ್ಯದ ವಿರೂಪವೆನಿಸಿತ್ತು. ಈಗ ಆ ಮುದ್ರೆಗಳನ್ನೇ ಓದುವ ಸಂಗ್ರಾಹಕರಿದ್ದಾರೆ.

ಇಂದಿನ ನೋಟಗಾರ ಅನುಸರಿಸುವ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮೊದಲನೆಯದು ಲೋಹದ ಬೆಲೆ. ಮಾರ್ಗನ್ ಅಥವಾ ಶಾಂತಿ ಡಾಲರಿನಲ್ಲಿ ಸುಮಾರು 24 ಗ್ರಾಂ ಶುದ್ಧ ಬೆಳ್ಳಿಯಿದೆ. ಪೇಟೆಯ ಧಾರಣೆಯಿಂದ ಗುಣಿಸಿದರೆ ಬರುವುದು ಕೆಳಗಿನ ಮಿತಿ. ಎರಡನೆಯದು ಸಾಚಾತನ. ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರು, ಸಾಪೇಕ್ಷ ಸಾಂದ್ರತೆ 10.3ರ ಸಮೀಪ, ಅಯಸ್ಕಾಂತಕ್ಕೆ ಅಂಟಬಾರದು. ಇಷ್ಟು ಸರಿಯಿದ್ದರೂ ಅಕ್ಷರವನ್ನು ತಿದ್ದಿದ ನಾಣ್ಯವಿರಬಹುದು. 1893ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರು ಒಂದು ಲಕ್ಷ ಮಾತ್ರ ಟಂಕಿಸಲ್ಪಟ್ಟದ್ದು. ಆದ್ದರಿಂದ ಅದೇ ಇಸವಿಯ ಫಿಲಡೆಲ್ಫಿಯಾ ಡಾಲರಿಗೆ ‘ಎಸ್’ ಅಕ್ಷರ ಅಂಟಿಸುವ ವಂಚನೆ ಹಳೆಯದು. ಹಸ್ತಪ್ರತಿಯ ಪ್ರಶಸ್ತಿಪದ್ಯವನ್ನು ತಿದ್ದಿದವರನ್ನು ಶಾಯಿಯ ಬಣ್ಣ ಹಿಡಿದುಕೊಡುವಂತೆ, ಇಲ್ಲಿ ಅಚ್ಚಿನ ಸೂಕ್ಷ್ಮ ಗೆರೆಗಳು ಹಿಡಿದುಕೊಡುತ್ತವೆ. ಮೂರನೆಯದು ಸ್ಥಿತಿ. ವಿಲಿಯಂ ಷೆಲ್ಡನ್ 1949ರಲ್ಲಿ ಹಳೆಯ ಸೆಂಟುಗಳಿಗಾಗಿ ರೂಪಿಸಿದ ಒಂದರಿಂದ ಎಪ್ಪತ್ತರವರೆಗಿನ ಅಳತೆ ಈಗ ಎಲ್ಲ ನಾಣ್ಯಗಳಿಗೂ ಬಳಕೆಯಲ್ಲಿದೆ. ಅರವತ್ತು ಮತ್ತು ಅದಕ್ಕಿಂತ ಮೇಲಿನವು ಚಲಾವಣೆಯ ಸವಕಲು ಕಾಣದವು. ನಾಲ್ಕನೆಯದು, ಈಗಾಗಲೇ ಚರ್ಚಿಸಿದ ಉಳಿವು.

ಮನೆಯಲ್ಲಿ ಹಳೆಯ ಬೆಳ್ಳಿ ನಾಣ್ಯವಿರುವವರು ತಿಳಿಯಬೇಕಾದ ಮಾತೊಂದಿದೆ. ಹುಣಸೆಹಣ್ಣಿನಿಂದಲೋ ಪುಡಿಯಿಂದಲೋ ಉಜ್ಜಿ ಹೊಳಪು ಬರಿಸಿದ ಕ್ಷಣದಲ್ಲೇ ನಾಣ್ಯ ತನ್ನ ದಾಖಲೆಯ ಬೆಲೆಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಅಚ್ಚಿನಿಂದ ಹೊರಬಂದಾಗಿನ ಮೂಲ ಕಾಂತಿ ಒಮ್ಮೆ ಹೋದರೆ ಮರಳಿ ಬಾರದು. ಕಾಲ ಕಳೆದಂತೆ ಮೂಡಿದ ಕಪ್ಪು, ನೀಲಿ, ಹೊಂಬಣ್ಣಗಳ ಪದರ ಕೊಳೆಯಲ್ಲ, ಅದರ ವಯಸ್ಸಿನ ಗುರುತು. ಬೆಸುಗೆ ಹಾಕಿ ಸರಕ್ಕೆ ತೂಗಿಸಿದ ಡಾಲರು ಒಡವೆಯಾಗಿ ಚೆಂದ; ನಾಣ್ಯವಾಗಿ ಅದರ ಬೆಲೆ ಲೋಹದಷ್ಟೇ. ನೆಲದಲ್ಲಿ ಸಿಕ್ಕಿದ ನಿಧಿಯಾದರೆ, ನಿಧಿ ಕಾಯಿದೆಯಂತೆ ಅಧಿಕಾರಿಗಳಿಗೆ ತಿಳಿಸುವುದು ಕರ್ತವ್ಯ.

‘ನಾಣ್ಯ’ ಎಂಬ ಪದಕ್ಕೆ ಕನ್ನಡದಲ್ಲಿ ಪ್ರಾಮಾಣಿಕತೆ, ಸಾಚಾತನ ಎಂಬ ಅರ್ಥವೂ ಇದೆ; ನಾಣ್ಯವಾದ ಮನುಷ್ಯ, ನಾಣ್ಯವಾದ ಸರಕು ಎನ್ನುತ್ತೇವೆ. ಆ ಅರ್ಥದಲ್ಲಿ ನಾಣ್ಯವೊಂದನ್ನು ನಾಣ್ಯವಾಗಿ ನೋಡುವುದೆಂದರೆ ಅದರ ಮೇಲಿನ ಸಂಖ್ಯೆ, ಇಸವಿ, ಕಡತದ ಲೆಕ್ಕ ಇವನ್ನು ಒಂದಕ್ಕೊಂದು ಒರೆಹಚ್ಚಿ ನೋಡುವುದು. ಇಂದು ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ನಮ್ಮ ಊರುಗಳ ಅಕ್ಕಸಾಲೆಗಳ ಮೂಸೆಗೆ ಹಳೆಯ ರೂಪಾಯಿಗಳು ಬೀಳುತ್ತಲೇ ಇವೆ. ಎಲ್ಲವನ್ನೂ ಉಳಿಸಬೇಕೆಂದು ಹೇಳಲಾಗದು. ಬಡವರ ಮನೆಯ ಬೆಳ್ಳಿ ಅವರ ಆಪತ್ತಿನ ಹಣ. ಆದರೆ ಕರಗಿಸುವ ಮುನ್ನ ಇಸವಿಯನ್ನೂ ಕಮ್ಮಟದ ಗುರುತನ್ನೂ ನೋಡಿ ಒಂದು ಸಾಲು ಬರೆದಿಟ್ಟರೆ, ಠಕ್ಕುರ ಫೇರು ಮಾಡಿದ ಕೆಲಸದ ಒಂದು ಅಂಶವನ್ನಾದರೂ ಮಾಡಿದಂತಾಗುತ್ತದೆ. ಜಿಲ್ಲೆಗೊಬ್ಬ ಸಂಶೋಧನ ವಿದ್ಯಾರ್ಥಿ ತನ್ನ ಊರಿನ ಚಿನಿವಾರರ ಅಂಗಡಿಗಳಲ್ಲಿ ಹೀಗೊಂದು ಪಟ್ಟಿಯನ್ನು ಇಟ್ಟುಕೊಂಡರೂ, ಮುಂದಿನವರಿಗೆ ಅದು ಆಕರವಾಗುತ್ತದೆ.